ಬ್ಯಾಟರಿ ಕರಗಿಸುತ್ತಿದ್ದ ಶೆಡ್ ಪಕ್ಕದ ಹಿತ್ತಲಲ್ಲಿ ಸೊಪ್ಪು ಬೆಳೆದು ತಿನ್ನಬಹುದಾ?

ಹಿತ್ತಲಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಹೊರಗೆ, ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಹಳ್ಳಿ. ಮನೆ ಹಿಂದಿನ ಕಾಂಪೌಂಡ್ ಆಚೆ ಒಂದು ತಗಡಿನ ಶೆಡ್ ಇತ್ತು. ಗುಜರಿಗೆ ಬಂದ ಹಳೆ ಬ್ಯಾಟರಿಗಳನ್ನು ಕೊಡಲಿಯಲ್ಲಿ ಒಡೆದು, ಆಸಿಡ್ ಅಲ್ಲೇ ನೆಲಕ್ಕೆ ಸುರಿದು, ಒಳಗಿನ ಸೀಸದ ಪ್ಲೇಟ್ ಕರಗಿಸಿ ಗಟ್ಟಿ ಮಾಡಿ ಮಾರುತ್ತಿದ್ದರು. ಕುಲುಮೆ ಹಚ್ಚುತ್ತಿದ್ದದ್ದು ಬಹುಪಾಲು ರಾತ್ರಿ. ಊರವರೆಲ್ಲ ಸೇರಿ ಜೋರು ಮಾಡಿದ ಮೇಲೆ ಶೆಡ್ ಬಿಚ್ಚಿಕೊಂಡು ಹೋದರು. ಸೀಸ ಕರಗಿಸಿದ ಮೇಲೆ ಉಳಿದ ಕಪ್ಪು ಕಿಟ್ಟದ ರಾಶಿ ಮಾತ್ರ ಅಲ್ಲೇ ಬಿದ್ದಿದೆ.

ನಮ್ಮ ಹಿತ್ತಲಲ್ಲಿ ದಂಟು, ಪಾಲಕ್, ಕೊತ್ತಂಬರಿ, ಒಂದು ನುಗ್ಗೆ ಮರ, ಒಂದು ಕರಿಬೇವು ಇವೆ. ಮೂರು ವರ್ಷದ ಮಗಳು ಇಡೀ ದಿನ ಅದೇ ಮಣ್ಣಲ್ಲಿ ಆಡುತ್ತಾಳೆ. ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಕೊಟ್ಟು ಮಣ್ಣು ಆರೋಗ್ಯ ಚೀಟಿ ಮಾಡಿಸಿದೆವು. ಎಲ್ಲ ಚೆನ್ನಾಗಿದೆ, ರಂಜಕ ಸ್ವಲ್ಪ ಕಮ್ಮಿ ಅಂತ ಬಂತು. ನಮ್ಮತ್ತೆಗೆ ಅಷ್ಟು ಸಾಕಾಯಿತು. ನನಗೆ ಸಮಾಧಾನ ಆಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕೆಂಪುಮಣ್ಣು

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಿಮಗೆ ಸಮಾಧಾನ ಆಗದಿರುವುದೇ ಸರಿ.

ಮಣ್ಣು ಆರೋಗ್ಯ ಚೀಟಿ ನೋಡುವುದು ಬೆಳೆಗೆ ಏನು ಸಾಲದು ಅನ್ನುವುದನ್ನು. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್), ಲವಣಾಂಶ, ಸಾವಯವ ಇಂಗಾಲ, ಒಟ್ಟು 12. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ, ಪಾದರಸ ಆ ಪಟ್ಟಿಯಲ್ಲೇ ಇಲ್ಲ. ಸೀಸ ತುಂಬಿದ ಮಣ್ಣಿಗೂ ಒಳ್ಳೆಯ ಚೀಟಿ ಬರಬಹುದು, ದಂಟು ಸೊಂಪಾಗಿ ಬೆಳೆಯಲೂಬಹುದು. ಗಿಡ ಹಸಿರಾಗಿದೆ ಅಂದ ಮಾತ್ರಕ್ಕೆ ಮಣ್ಣು ಶುದ್ಧ ಅಂತ ಹೇಳಲಾಗದು.

ನಾನು ಯಾರಿಗಾದರೂ ಮೊದಲು ಕೇಳುವ ಪ್ರಶ್ನೆ, ಪಕ್ಕದಲ್ಲಿ ನಡೆಯುತ್ತಿದ್ದದ್ದು ಯಾವ ಕೆಲಸ? ಬ್ಯಾಟರಿ ಅಂದರೆ ಸೀಸ, ಜೊತೆಗೆ ಪ್ಲೇಟಿನ ಮಿಶ್ರಲೋಹದಲ್ಲಿರುವ ಆಂಟಿಮನಿ, ಸ್ವಲ್ಪ ಆರ್ಸೆನಿಕ್. ಪ್ಲೇಟಿಂಗ್, ಅಂದರೆ ಲೋಹದ ಲೇಪ ಕೊಡುವ ಕೆಲಸ ಆದರೆ ಕ್ರೋಮಿಯಂ, ನಿಕ್ಕಲ್, ಸತು, ಕೆಲವು ಕಡೆ ಕ್ಯಾಡ್ಮಿಯಂ. ಚರ್ಮ ಹದ ಮಾಡುವ ಕಡೆ ಕ್ರೋಮಿಯಂ. "ಭಾರಲೋಹ" ಅಂತ ಒಟ್ಟಿಗೆ ಹೇಳಿಬಿಡುತ್ತೇವೆ, ಆದರೆ ಮಣ್ಣಲ್ಲಿ, ಗಿಡದಲ್ಲಿ ಒಂದೊಂದರ ನಡತೆಯೂ ಬೇರೆ. ಯಾವ ಲೋಹ ಅಂತ ತಿಳಿಯದೆ ಮಾಡುವ ಉಪಾಯ ಕೆಲವು ಸಲ ಇರುವುದನ್ನೂ ಕೆಡಿಸುತ್ತದೆ.

ನಿಮ್ಮದು ಸೀಸ. ಅದು ಬೇರಿಗೆ ಅಂಟಿ ಅಲ್ಲೇ ಉಳಿಯುತ್ತದೆ, ಬೇರಿನಿಂದ ಎಲೆಗೆ ಏರುವುದು ತೀರಾ ಕಮ್ಮಿ. ಇಂಥ ಜಾಗದ ಸೊಪ್ಪಿನಲ್ಲಿ ಸಿಗುವ ಸೀಸ ಹೆಚ್ಚಾಗಿ ಎಲೆಯ ಮೇಲೆ ಕೂತ ದೂಳು ಮತ್ತು ಮಳೆಗೆ ನೆಲದಿಂದ ಸಿಡಿದ ಮಣ್ಣು. ಪಾಲಕ್, ಕೊತ್ತಂಬರಿ ನೆಲಕ್ಕೆ ಹತ್ತಿರ ಬೆಳೆಯುತ್ತವೆ, ಎಲೆ ಸುಕ್ಕು, ಮಡಿಕೆಗಳಲ್ಲಿ ದೂಳು ನಿಲ್ಲುತ್ತದೆ. ಎತ್ತರದ ನುಗ್ಗೆ ಮರಕ್ಕೆ ಆ ಸಿಡಿಮಣ್ಣು ಮುಟ್ಟುವುದಿಲ್ಲ.

ಹಾಗಾಗಿ ಸೊಪ್ಪಿಗಿಂತ ಮೊದಲು ನೋಡಬೇಕಾದ್ದು ಮಗಳ ಕೈ. ಮಣ್ಣು ಮುಟ್ಟಿದ ಕೈ ಬಾಯಿಗೆ ಹೋಗುವ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು. ಇವತ್ತೇ ಅವಳ ಆಟದ ಜಾಗ ಬದಲಿಸಿ. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ.

ಊರ ಹೊರಗೆ

ಶೆಡ್ ಹೋದ ಮೇಲೆ ಮಳೆಗಾಲ ಬಂದು ಹೋಗಿರುತ್ತಲ್ಲ ಮೇಡಂ, ನೀರು ತೊಳೆದುಕೊಂಡು ಹೋಗಿರುವುದಿಲ್ಲವಾ?

ಕೆಂಪುಮಣ್ಣು

ಇಲ್ಲ ಸರ್. ಸೀಸ ಮಣ್ಣಿನ ಜೇಡಿಗೂ ಸಾವಯವ ಅಂಶಕ್ಕೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೇಲಿನ ಕೆಲವೇ ಇಂಚಿನಲ್ಲಿ ನೂರಾರು ವರ್ಷ ಕೂತಿರುತ್ತದೆ. ಕೀಟನಾಶಕದ ಹಾಗೆ ಕೊಳೆತು ಬೇರೆಯಾಗುವ ವಸ್ತು ಅಲ್ಲ ಅದು, ಮೂಲಧಾತು. ಮಳೆ ಮಾಡುವುದು ಆ ಕಿಟ್ಟದ ರಾಶಿಯಿಂದ ಇನ್ನಷ್ಟು ಪುಡಿಯನ್ನು ತಗ್ಗಿನ ಕಡೆಗೆ ಎಳೆದು ತರುವುದು, ಅಷ್ಟೆ. ಹಿತ್ತಲಮನೆಯವರೇ, ನಿಮ್ಮ ಹಿತ್ತಲು ಆ ರಾಶಿಗಿಂತ ತಗ್ಗಿನಲ್ಲಿದೆಯಾ?

ಹಿತ್ತಲಮನೆ

ಹೌದು ಮೇಡಂ, ತಗ್ಗು. ಮಳೆ ಜೋರಾದರೆ ಕಾಂಪೌಂಡ್ ಬುಡದ ತೂತಿನಿಂದ ಕಪ್ಪು ನೀರು ಒಳಗೆ ಬರುತ್ತದೆ, ನೇರ ಪಾಲಕ್ ಮಡಿಗೆ. ಪರೀಕ್ಷೆ ಎಲ್ಲಿ, ಹೇಗೆ ಮಾಡಿಸುವುದು?

ಕೆಂಪುಮಣ್ಣು

ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಹುಡುಕಿ. ಮಾನ್ಯತೆ ಯಾವ ಪರೀಕ್ಷೆಗೆ ಅಂತಲೂ ಕೇಳಿ, ನೀರಿಗೆ ಮಾತ್ರ ಇರುವ ಲ್ಯಾಬುಗಳಿವೆ. "ಮಣ್ಣಿನಲ್ಲಿ ಒಟ್ಟು ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಆಸಿಡ್‌ನಲ್ಲಿ ಕರಗಿಸಿ ಅಳೆದದ್ದು" ಅಂತ ಸ್ಪಷ್ಟವಾಗಿ ಬರೆದು ಕೊಡಿ. ಇಲ್ಲದಿದ್ದರೆ ಗೊಬ್ಬರದ ಲೆಕ್ಕದ ಪರೀಕ್ಷೆಯನ್ನೇ ಮತ್ತೆ ಮಾಡಿ ಕೊಡುತ್ತಾರೆ.

ಮಗು ಆಡುವ ಜಾಗದಲ್ಲಿ ಮೇಲಿನ 2 ಇಂಚು ಮಣ್ಣು ಮಾತ್ರ ಸಾಕು, ದೂಳಾಗಿ ಏಳುವುದು ಅದೇ. ಸೊಪ್ಪಿನ ಮಡಿಯಲ್ಲಿ 6 ಇಂಚಿನವರೆಗೆ ತೆಗೆಯಿರಿ. ಒಂದೊಂದು ಜಾಗದ ಐದಾರು ಕಡೆಯಿಂದ ತೆಗೆದು ಬೆರೆಸಿ ಒಂದು ಮಾದರಿ ಮಾಡಿ. ಕಪ್ಪು ನೀರು ಬರುವ ತೂತಿನ ಹತ್ತಿರದ್ದನ್ನು ಬೇರೆಯದರ ಜೊತೆ ಬೆರೆಸಬೇಡಿ, ಅದು ಪ್ರತ್ಯೇಕ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಸಲಕರಣೆ ಬಳಸಿ, ಬಣ್ಣ ಬಳಿದ ಗುದ್ದಲಿ ಬೇಡ.

ಇನ್ನೊಂದು ಮಾದರಿ ಶೆಡ್‌ಗೆ ದೂರದ, ಅದೇ ಬಗೆಯ ಮಣ್ಣಿರುವ ಹೊಲದ್ದು ಬೇಕೇ ಬೇಕು. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಂಡೆಯಿಂದಲೇ ಬಂದ ಲೋಹವೂ ಮಣ್ಣಲ್ಲಿ ಇರುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರದ ಕಡೆ ಕ್ರೋಮೈಟ್ ಗಣಿ ಇರುವ ಸೀಮೆಯಲ್ಲಿ ಒಂದೂ ಕಾರ್ಖಾನೆ ಇಲ್ಲದ ಹೊಲದಲ್ಲೂ ಕ್ರೋಮಿಯಂ, ನಿಕ್ಕಲ್ ಜಾಸ್ತಿ ತೋರಿಸುತ್ತದೆ. ಹೋಲಿಸಲು ಇನ್ನೊಂದು ಮಾದರಿ ಇಲ್ಲದಿದ್ದರೆ ಎದುರು ಪಕ್ಷದವರು "ಅದು ನಿಮ್ಮ ನೆಲದ ಗುಣ" ಅಂದುಬಿಡುತ್ತಾರೆ.

ಸೀಸಕ್ಕೆ ಒಂದು ಅಂದಾಜು. ಏನೂ ತಾಗದ ಮಣ್ಣಲ್ಲಿ ಸಾಮಾನ್ಯವಾಗಿ ಕಿಲೋಗೆ 10ರಿಂದ 50 ಮಿಲಿಗ್ರಾಂ ಇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯಂಗಳದ ಮಣ್ಣಿಗೆ ಎಚ್ಚರಿಕೆಯ ಮಟ್ಟವಾಗಿ ಬಹಳ ಕಾಲ 400 ಅಂತ ಇಟ್ಟಿತ್ತು, 2024ರಲ್ಲಿ 200ಕ್ಕೆ ಇಳಿಸಿತು.

ಮಕ್ಕಳ ವಾರ್ಡ್

ನಾನು ಮಕ್ಕಳ ವಿಭಾಗದಲ್ಲಿ ನರ್ಸ್. ಮಣ್ಣಿನ ಪರೀಕ್ಷೆಯ ಜೊತೆಗೇ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಬಿಡಿ ಅಕ್ಕ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ದೂಳೇ ಸೇರಿಕೊಂಡು ತಪ್ಪು ಲೆಕ್ಕ ಬರಬಹುದು, ರಕ್ತನಾಳದಿಂದಲೇ ತೆಗೆಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಮೇಲಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಅಮೆರಿಕದಲ್ಲಿ 2021ರಿಂದ 3.5ಕ್ಕೇ ಎಚ್ಚರಿಸುತ್ತಾರೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಟ್ಟ ಸೀಸಕ್ಕೆ ಇಲ್ಲ.

ಲಕ್ಷಣ ಕಾಣಲಿ ಅಂತ ಕಾಯಬೇಡಿ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಅಂತ ಬಂದರೆ ಸಾಮಾನ್ಯ ಕಾಯಿಲೆ ಅಂತಲೇ ಔಷಧಿ ಕೊಟ್ಟು ಕಳಿಸುತ್ತಾರೆ. ಮಿದುಳಿಗೆ ಆಗುವ ಪೆಟ್ಟು ಹೊರಗೆ ಕಾಣುವುದಿಲ್ಲ, ಕಲಿಕೆಯಲ್ಲಿ, ಗಮನದಲ್ಲಿ ನಿಧಾನಕ್ಕೆ ತಿಳಿಯುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಪಾಲು ಮೈಗೆ ಹತ್ತಿದರೆ ಚಿಕ್ಕ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಹತ್ತುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇರುವ ಮಗುವಿಗೆ ಇನ್ನೂ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಆಡಲು ಬಿಡಬೇಡಿ. ರಾಗಿ, ಹಾಲು, ಮೊಟ್ಟೆ ಕೊಡಿ. ಸೊಪ್ಪು ಮಾತ್ರ ಬೇರೆ ಕಡೆಯದು.

ಬೆಂಗಳೂರಿನವರಿಗೆ ಇದು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಅನ್ನುವ ಸೇವಾ ಸಂಸ್ಥೆ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಇದರ ಬೆನ್ನು ಹತ್ತಿದರು, ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ಇಲ್ಲೇ ಶುರುವಾಯಿತು. 2000ದಲ್ಲಿ ಪೆಟ್ರೋಲ್‌ನಿಂದ ಸೀಸ ಹೋಯಿತು. ಗೋಡೆಗೆ ಬಳಿಯುವಂಥ ಬಣ್ಣಕ್ಕೆ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಅನ್ನುವ ಮಿತಿ ಬಂದದ್ದು 2017ರಲ್ಲಿ. ಉಳಿದುಕೊಂಡದ್ದು ನಿಮ್ಮ ಕಾಂಪೌಂಡ್ ಆಚೆ ಇದ್ದಂಥ ಶೆಡ್‌ಗಳು.

ಹಸಿರು ಹುಡುಗ

ಸಾಸಿವೆ ಬೆಳೆದರೆ ಅದೇ ಸೀಸವನ್ನು ಹೀರಿಕೊಳ್ಳುತ್ತದಂತೆ, ಸೂರ್ಯಕಾಂತಿಯೂ ಅಷ್ಟೆ. ದುಡ್ಡು ಖರ್ಚಿಲ್ಲದ ದಾರಿ. ಒಂದೆರಡು ಬೆಳೆ ತೆಗೆದರೆ ಮಣ್ಣು ಸರಿಯಾಗಬಹುದಲ್ಲವೇ?

ಕೆಂಪುಮಣ್ಣು

ಈ ಮಾತು ತುಂಬಾ ಕಡೆ ಓಡಾಡುತ್ತಿದೆ, ಇದರಿಂದ ಜನರಿಗೆ ತೊಂದರೆಯಾಗುತ್ತಿದೆ. ಆರ್ಸೆನಿಕ್ ಹೀರುವ ಜರೀಗಿಡ ನಿಜಕ್ಕೂ ಇದೆ, ಪ್ಟೆರಿಸ್ ವಿಟ್ಟಾಟ, 2001ರಲ್ಲಿ ಅದರ ಗುಣ ಬೆಳಕಿಗೆ ಬಂತು. ಸೀಸದ ಕಥೆ ಬೇರೆ. ಸಾಸಿವೆಯ ಕಾಂಡಕ್ಕೆ ಸೀಸ ಏರಬೇಕಾದರೆ ಮಣ್ಣಿಗೆ ಇಡಿಟಿಎ ಥರದ ರಾಸಾಯನಿಕ ಹಾಕಿ ಅದನ್ನು ಬಿಡಿಸಬೇಕು. ಬಿಡಿಸಿದ ಸೀಸ ಬೇರಿಗೆ ಸಿಗುವ ಮೊದಲೇ ಅಂತರ್ಜಲಕ್ಕೂ ಇಳಿಯುತ್ತದೆ. ಹಾಗೆ ಹಾಕದಿದ್ದರೆ ಒಂದೆರಡು ಬೆಳೆಯಲ್ಲ, ಒಂದು ಜೀವಮಾನವೂ ಸಾಲದು. ಬೆಳೆದ ಗಿಡವನ್ನು ಏನು ಮಾಡುತ್ತೀರಿ? ದನಕ್ಕೆ ಹಾಕುವಂತಿಲ್ಲ, ಒಲೆಗೆ ಹಾಕುವಂತಿಲ್ಲ, ಗೊಬ್ಬರದ ಗುಂಡಿಗೂ ಬೇಡ. ಅದೇ ಅಪಾಯಕಾರಿ ತ್ಯಾಜ್ಯ ಆಗಿಬಿಡುತ್ತದೆ.

ಸಣ್ಣ ಹಿತ್ತಲಿಗೆ ನಾನು ಹೇಳುವುದು ಇಷ್ಟು. ಬರಿ ನೆಲ ಕಾಣದ ಹಾಗೆ ಹುಲ್ಲು ಹಬ್ಬಿಸಿ ಅಥವಾ ಜಲ್ಲಿ, ಕಲ್ಲು ಹಾಸಿ ಮುಚ್ಚಿ. ಸೊಪ್ಪು ಬೇಕೇ ಬೇಕು ಅಂದರೆ ಕೆಳಗೆ ದಪ್ಪ ಬಟ್ಟೆ ಹಾಸಿ, ಒಂದಡಿ ಎತ್ತರದ ಮಡಿ ಕಟ್ಟಿ, ಬೇರೆ ಕಡೆಯ ಮಣ್ಣು ತುಂಬಿ. ಆ ಮಣ್ಣೂ ಗೊಬ್ಬರವೂ ಎಲ್ಲಿಯದು ಅಂತ ಕೇಳಿ ತನ್ನಿ. ನಗರದ ಕಸದಿಂದ ಮಾಡಿದ ಗೊಬ್ಬರಕ್ಕೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಅಂತ ಮಿತಿ ಇದೆ. ಮಾರುವವರ ಹತ್ತಿರ ಆ ವರದಿ ಕೇಳುವುದು ನಿಮ್ಮ ಹಕ್ಕು.

ಬೈರಮಂಗಲ ಬಯಲು

ಎಲ್ಲ ಓದಿದೆ. ಅಕ್ಕ ಸೀಸ ಎಲೆಗೆ ಏರಲ್ಲ ಅಂದ್ರಿ, ಒಪ್ಪಿದೆ. ಆದರೆ ನಮ್ಮ ಕಡೆ ಕಥೆ ಅದಲ್ಲ.

ನಮ್ಮದು ವೃಷಭಾವತಿ ನೀರಿನ ಜಮೀನು. ಪೀಣ್ಯ, ರಾಜಾಜಿನಗರ, ಮೈಸೂರು ರಸ್ತೆ, ಕೆಂಗೇರಿ, ಬಿಡದಿ, ಅಷ್ಟೂ ಕಡೆಯ ಚರಂಡಿ ನೀರು, ಕಾರ್ಖಾನೆ ನೀರು ಬೈರಮಂಗಲ ಕೆರೆಗೆ ಬಂದು ಬೀಳ್ತದೆ. ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಕೋಡಿ ಹತ್ರ ನೊರೆ ಆಳೆತ್ತರ ನಿಲ್ಲೋದನ್ನ ಟಿವಿಯವರು ಬಂದು ತೋರಿಸಿ ಹೋಗ್ತಾರೆ. ನಮ್ಮಪ್ಪನ ಕಾಲದಲ್ಲಿ ಅದೇ ನೀರಲ್ಲಿ ಭತ್ತ ಬೆಳೀತಿದ್ರು. ಈಗ ಬೇಬಿ ಕಾರ್ನ್, ಹಿಪ್ಪುನೇರಳೆ, ಹಸುವಿಗೆ ಸೀಮೆಹುಲ್ಲು. ಬೋರ್ ಕೊರೆದರೂ ವಾಸನೆ ನೀರೇ.

ನನ್ನ ಪ್ರಶ್ನೆ ಇಷ್ಟೆ. ಈ ನೀರು ಹಾಯಿಸಿದ ಹೊಲದಲ್ಲಿ ಏನು ಬೆಳೆದರೆ ತಿನ್ನೋರಿಗೆ ಕೆಡುಕು ಕಮ್ಮಿ? ನಮ್ಮನ್ನ "ವಿಷ ಬೆಳೆಯೋರು" ಅಂತ ಬೈಯೋರು ಬೇಕಾದಷ್ಟಿದಾರೆ. ನೀರು ಕಳಿಸಿದ್ದು ನಾವಲ್ಲ.

ಜಯನಗರದಿಂದ

ಬೈತಿಲ್ಲ ಅಣ್ಣ, ಆದರೆ ತಿನ್ನೋರಿಗೂ ಭಯ ಇದೆ. ಬೆಂಗಳೂರಿನ ಎಂಪ್ರಿ (ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ) ಅವರು ನಗರದ 20 ಅಂಗಡಿಗಳಿಂದ 400 ತರಕಾರಿ ಮಾದರಿ ತಂದು ಪರೀಕ್ಷಿಸಿದ್ದರು. ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮಿತಿ ಮೀರಿದವು ಸಿಕ್ಕವು. ಸಾವಯವ ಅಂಗಡಿಯಲ್ಲಿ ದುಬಾರಿ ಕೊಟ್ಟು ತಂದರೂ ಗ್ಯಾರಂಟಿ ಇಲ್ಲ ಅಂತಾಯಿತು. ತೊಳೆದರೆ ಹೋಗುತ್ತದಾ?

ಕೆಂಪುಮಣ್ಣು

ಇಬ್ಬರಿಗೂ ಒಟ್ಟಿಗೆ ಉತ್ತರ ಬರೆಯುತ್ತೇನೆ, ಎರಡರ ಬುಡವೂ ಕ್ಯಾಡ್ಮಿಯಂ.

ಕ್ಯಾಡ್ಮಿಯಂ ಸೀಸಕ್ಕೆ ತದ್ವಿರುದ್ಧ. ಅದರ ರಾಸಾಯನಿಕ ಗುಣ ಸತುವಿನ ಹತ್ತಿರದ್ದು, ಹಾಗಾಗಿ ಗಿಡ ಅದನ್ನು ಸತುವಿನ ದಾರಿಯಲ್ಲೇ ಒಳಗೆ ಎಳೆದುಕೊಳ್ಳುತ್ತದೆ. ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ. ಪಾಲಕ್, ದಂಟು, ಕೊತ್ತಂಬರಿ, ಮೂಲಂಗಿ ಸೊಪ್ಪಿನಲ್ಲಿ ಶೇಖರ ಆಗುತ್ತದೆ. ಎಲೆಯ ಒಳಗೇ ಇರುವುದನ್ನು ಎಷ್ಟು ತೊಳೆದರೂ ಹೋಗದು. ಮೇಲಿನ ದೂಳಿನ ಸೀಸಕ್ಕೆ ಮೂರು ನೀರು ತೊಳೆಯುವುದು, ಹುಣಸೆ ನೀರಲ್ಲಿ ಸ್ವಲ್ಪ ಹೊತ್ತು ನೆನೆಸುವುದು ಉಪಯೋಗಕ್ಕೆ ಬರುತ್ತದೆ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಹಸಿ ಸೊಪ್ಪಿಗೆ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂರುತ್ತದೆ.

ಬಯಲಿನ ಅಣ್ಣ, ಸೊಪ್ಪು ಮತ್ತು ಗೆಡ್ಡೆ ಬಿಟ್ಟು ಕಾಯಿ ಬೆಳೆ ನೋಡಿ. ಹೀರೆ, ಸೋರೆ, ಅವರೆಯ ಕಾಯಿಗೆ ಎಲೆಯಷ್ಟು ಲೋಹ ಹೋಗುವುದಿಲ್ಲ. ಬದನೆ ಬೇಡ, ಕಾಯಿ ಬೆಳೆಗಳಲ್ಲೇ ಅದು ಕ್ಯಾಡ್ಮಿಯಂ ಜಾಸ್ತಿ ಎಳೆಯುತ್ತದೆ. ಹೂವು ಎಲ್ಲಕ್ಕಿಂತ ಒಳ್ಳೆಯದು. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಬಿಚ್ಚಿಕೊಳ್ಳುತ್ತದೆ, ಸುಣ್ಣ ಹಾಕಿ ರಸಸಾರ 6.5ರ ಮೇಲೆ ಇಟ್ಟರೆ ಅದು ಮಣ್ಣಲ್ಲೇ ಹಿಡಿದುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ ಹೆಚ್ಚು ಹಾಕಿ. ಆದರೆ ನಿಮ್ಮ ಹೊಲದ ಮಣ್ಣು ಮೊದಲೇ ಕ್ಷಾರ ಇದೆಯೋ ಏನೋ, ನೋಡಿಸಿಯೇ ಹಾಕಿ. ಆರ್ಸೆನಿಕ್ ಇರುವ ಮಣ್ಣಿಗೆ ಸುಣ್ಣ ಹಾಕಿದರೆ ಅದು ಉಲ್ಟಾ ಬಿಡುಗಡೆ ಆಗಬಹುದು.

ಹಸು ಮೇವಿನ ಜೊತೆ ಮಣ್ಣೂ ತಿನ್ನುತ್ತದೆ ಅನ್ನುವುದು ನೆನಪಿರಲಿ. ಹುಲ್ಲನ್ನು ಬುಡಕ್ಕೆ ಹತ್ತಿ ಕುಯ್ಯದೆ ಸ್ವಲ್ಪ ಮೇಲೆ ಕುಯ್ಯಿರಿ.

ನೀವು ಹೇಳಿದ್ದು ನ್ಯಾಯ. ರೈತ ಬೆಳೆ ಬದಲಿಸಿ ಎಷ್ಟು ಅಂತ ತಡೆಯುವುದು? ಲೋಹವನ್ನು ಕಾರ್ಖಾನೆಯ ಒಳಗೇ ಹಿಡಿಯಬೇಕು. ಚರಂಡಿಗೆ ಬಂದು ಊರ ನೀರಲ್ಲಿ ಬೆರೆತ ಮೇಲೆ ಸಾಮಾನ್ಯ ಕೊಳಚೆ ನೀರು ಶುದ್ಧೀಕರಣ ಘಟಕ ಅದಕ್ಕಾಗಿ ಕಟ್ಟಿದ್ದೇ ಅಲ್ಲ.

ಪ್ಲೇಟಿಂಗ್ ಶಾಪ್

ಕಾರ್ಖಾನೆ ಒಳಗಿನ ಮಾತು ನಾನು ಹೇಳ್ತೀನಿ. ಪೀಣ್ಯದಲ್ಲಿ ಕ್ರೋಮ್ ಪ್ಲೇಟಿಂಗ್ ಕೆಲಸ ಮಾಡಿದವನು. ಹೆಸರು ಬೇಡ, ಶಾಪ್ ಹೆಸರೂ ಬೇಡ.

ಟ್ಯಾಂಕಿನಿಂದ ಎತ್ತಿದ ಮಾಲನ್ನು ನೀರಲ್ಲಿ ತೊಳೀತೀವಿ. ಆ ತೊಳೆದ ನೀರು ಹಳದಿ, ಅದೇ ಆರು ವೇಲೆನ್ಸಿ ಕ್ರೋಮಿಯಂ, ಕ್ಯಾನ್ಸರ್ ತರೋದು. ಅದಕ್ಕೆ ಆಸಿಡ್ ಹಾಕಿ, ಸೋಡಿಯಂ ಬೈಸಲ್ಫೈಟ್ ಹಾಕಿದರೆ ಹಸಿರಾಗುತ್ತೆ, ಮೂರು ವೇಲೆನ್ಸಿ ಆಗುತ್ತೆ, ವಿಷ ತುಂಬಾ ಕಮ್ಮಿ. ಆಮೇಲೆ ಸುಣ್ಣ ಹಾಕಿದರೆ ಕೆಸರಾಗಿ ತಳಕ್ಕೆ ಕೂರುತ್ತೆ. ಕಷ್ಟದ ವಿದ್ಯೆ ಅಲ್ಲ ಇದು. ಕೆಮಿಕಲ್ ಖರ್ಚು, ಮತ್ತೆ ಆ ಕೆಸರನ್ನು ಲೈಸೆನ್ಸ್ ಇರೋ ಜಾಗಕ್ಕೆ ಕಳಿಸೋ ಖರ್ಚು. ಸಣ್ಣ ಶಾಪಿನವರು ಅಲ್ಲೇ ಉಳಿಸೋಕೆ ನೋಡ್ತಾರೆ. ಚರಂಡಿಗೆ ಬಿಟ್ಟವರಿದ್ದಾರೆ, ಹಳೆ ಬೋರ್‌ವೆಲ್ ಒಳಗೇ ಬಿಟ್ಟವರೂ ಇದ್ದಾರೆ. ಕುಡಿಯೋ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಪೀಣ್ಯದ ಕೆಲವು ಬೋರ್‌ಗಳಲ್ಲಿ ಹಳದಿ ನೀರು ಕಣ್ಣಿಗೇ ಕಾಣುತ್ತೆ. ಕಣ್ಣಿಗೆ ಕಾಣೋ ಹೊತ್ತಿಗೆ ಆ ಮಿತಿಯನ್ನ ಎಷ್ಟೋ ಪಟ್ಟು ದಾಟಿರುತ್ತೆ.

ಇನ್ನೊಂದು ಮಾತು. ನಾವು ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗ್ತಿದ್ವಿ. ಬ್ಯಾಟರಿ ಕೆಲಸದವರಂತೂ ಸೀಸದ ಪುಡಿಯನ್ನ ಮೈಮೇಲೆ ಹೊತ್ತು ಮಕ್ಕಳ ಹತ್ತಿರ ಹೋಗ್ತಾರೆ. ಬಟ್ಟೆ ಬದಲಿಸಿ, ಕೈಕಾಲು, ತಲೆ ತೊಳೆದು ಮಗು ಎತ್ತಿಕೊಳ್ಳಿ ಅಂತ ಯಾವ ಮಾಲೀಕನೂ ಹೇಳಲಿಲ್ಲ. ಆ ಬಟ್ಟೆ ಮನೆಯವರ ಬಟ್ಟೆ ಜೊತೆ ಒಗೀಬೇಡಿ.

ಸುರಪುರದವ

ನಮ್ಮ ಯಾದಗಿರಿ ಜಿಲ್ಲಾದ ಮಾತೂ ಇರ್ಲಿ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಾಗ ಆರ್ಸೆನಿಕ್ ನೀರು ಕುಡದು ಮಂದಿಗೆ ಅಂಗೈ ಅಂಗಾಲದಾಗ ಗಂಟು, ಮೈಮ್ಯಾಲ ಕಪ್ಪು ಚುಕ್ಕಿ, ಕ್ಯಾನ್ಸರ್ ಬಂದದ್ದು 2013ರಾಗ ವಿಜ್ಞಾನಿಗಳು ಬರದು ಪ್ರಕಟ ಮಾಡ್ಯಾರ. ಮಗ್ಗಲಿನ ಮಂಗಳೂರ (ಕರಾವಳಿದ್ದಲ್ಲ, ನಮ್ಮ ಕಡೀದು) ಬಂಗಾರದ ಗಣಿ 1994ರಾಗ ಮುಚ್ಚ್ಯದ. ಬಂಗಾರದ ಜೋಡಿ ಆ ಬಂಡಿಗಲ್ಲಿನೊಳಗ ಆರ್ಸೆನಿಕ್ ಇರ್ತದ. ಗಣಿ ಮುಚ್ಚಿದ್ರ ಅದು ಮುಚ್ಚೂದಿಲ್ಲ. ಆರ್ಸೆನಿಕ್‌ಗೆ ಬಣ್ಣಿಲ್ಲ, ವಾಸನಿಲ್ಲ, ರುಚಿಯಿಲ್ಲ. ಹಳದಿ ನೀರು ಕಂಡಾಂವ ಪಾರಾದ. ನಮಗ ಮೈಮ್ಯಾಲ ಬಂದ ಮ್ಯಾಲೇ ಗೊತ್ತಾತು.

ಹಿತ್ತಲಮನೆ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಪಾಲಕ್, ಕೊತ್ತಂಬರಿ ಕಿತ್ತು ಹಾಕಿದೆವು. ಮಗಳನ್ನು ಮುಂಬಾಗಿಲ ಕಡೆ ಬಿಡುತ್ತಿದ್ದೇವೆ. ಮನೆಯೊಳಗೆ ಕಸ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದೆ, ಅತ್ತೆ ಒಪ್ಪಿಕೊಂಡರು. ಮಗಳ ರಕ್ತ ಕೊಟ್ಟು ಬಂದೆವು, ವರದಿ ಬರಬೇಕು. ಕಿಟ್ಟದ ರಾಶಿ ಮಾತ್ರ ಅಲ್ಲೇ ಇದೆ. ಜಾಗದ ಮಾಲೀಕರು "ಬಾಡಿಗೆಯವನದ್ದು, ನನಗೆ ಸಂಬಂಧವಿಲ್ಲ" ಅನ್ನುತ್ತಾರೆ. ಪಂಚಾಯ್ತಿಯವರು ಟ್ರ್ಯಾಕ್ಟರ್ ತಂದು ಕೆರೆ ಹತ್ತಿರ ಹಾಕಿಸಲಾ ಅಂತ ಕೇಳುತ್ತಿದ್ದಾರೆ.

ಕೆಂಪುಮಣ್ಣು

ಕೆರೆ ಹತ್ತಿರ ಖಂಡಿತ ಬೇಡ! ಒಂದು ಮನೆಯ ಕಷ್ಟ ಇಡೀ ಊರಿನದಾಗುತ್ತದೆ. ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವವರೇ ಸಾಗಿಸಬೇಕು. ಸದ್ಯಕ್ಕೆ ದಪ್ಪ ಟಾರ್ಪಾಲ್ ಹೊದಿಸಿ ಸುತ್ತ ಕಲ್ಲು ಹೇರಿಸಿ, ಕಾಂಪೌಂಡಿನ ತೂತನ್ನು ಸಿಮೆಂಟಿನಲ್ಲಿ ಮುಚ್ಚಿಸಿ. ಮುಟ್ಟುವವರು ಮಾಸ್ಕ್, ಗ್ಲೌಸ್ ಹಾಕಿಕೊಳ್ಳಲಿ, ಒಣಗಿದ್ದಾಗ ಕೆದಕಬೇಡಿ, ನೀರು ಚಿಮುಕಿಸಿ.

ದೂರು ಕೊಡಲು ಈಗ ಒಂದು ಹಿಡಿ ಸಿಕ್ಕಿದೆ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬಂದು ಮಾದರಿ ತೆಗೆದು ತನಿಖೆ ಮಾಡಬೇಕು, ಹಾಳು ಮಾಡಿದವರೇ ಖರ್ಚು ಭರಿಸಬೇಕು. ಹಾಗಾಗಿ ಅರ್ಜಿ ಮಂಡಳಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು ಕೊಡಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ. ರಾಶಿಯ ಫೋಟೋ, ಕಪ್ಪು ನೀರು ಬರುವ ದಾರಿಯ ಫೋಟೋ, ದೂರದ ಹೊಲದ ಮಾದರಿ ಸೇರಿದ ಲ್ಯಾಬ್ ವರದಿ ಜೊತೆಗಿರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಅದಕ್ಕೂ ಜಗ್ಗದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ.

ಸುರಪುರದ ಅಣ್ಣ, ಗಣಿಗಾರಿಕೆಯಿಂದ ಆದ ಮಾಲಿನ್ಯವನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ನಿಮ್ಮ ತಾಂಡಾದಂಥ ಕಡೆಗೆ ಅದು ಉಪಯೋಗಕ್ಕೆ ಬಾರದು ಅನ್ನುವುದು ನನಗೆ ತುಂಬಾ ನೋವಿನ ಸಂಗತಿ.

ಬೈರಮಂಗಲ ಬಯಲು

ಅಕ್ಕ, ನಮ್ಮೂರಿನ ನಾಲ್ಕು ಹೊಲದ ಮಣ್ಣು, ಒಂದು ಮೇಲ್ದಂಡೆ ಹೊಲದ್ದು ಹೋಲಿಸೋಕೆ, ಐದೂ ತೆಗೆಸ್ತೀನಿ. ಚೀಲದ ಮೇಲೆ ಏನೇನು ಬರೀಬೇಕು ಹೇಳಿ.

ಕೆಂಪುಮಣ್ಣು

ಸರ್ವೆ ನಂಬರ್, ದಿನಾಂಕ, ಎಷ್ಟು ಆಳ, ಈಗಿರುವ ಬೆಳೆ, ಯಾವ ನೀರು ಹಾಯಿಸುತ್ತೀರಿ. ನೆರಳಲ್ಲಿ ಒಣಗಿಸಿ, ಹೊಸ ಪ್ಲಾಸ್ಟಿಕ್ ಚೀಲ, ಒಂದೊಂದು ಅರ್ಧ ಕಿಲೋ. ನೀರಿನ ಮಾದರಿಯೂ ಬೇಕು, ಅದಕ್ಕೆ ಬಾಟಲಿ ಲ್ಯಾಬಿನಿಂದಲೇ ತೆಗೆದುಕೊಳ್ಳಿ, ಒಳಗೆ ಆಸಿಡ್ ಹಾಕಿ ಕೊಡುತ್ತಾರೆ, ತೊಳೆಯಬೇಡಿ.